ಇಲ್ಲದ ಸಂತನ ದ್ವೀಪ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ರೆ ಎಡಿಟರ್ ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ. ಈ ಲೇಖನ ಇರೋದೂ ಹೆಸರಿನ ತಪ್ಪುಗಳ ಬಗ್ಗೆಯೇ.

ಮೆಲ್ಬೋರ್ನ್‌ನಲ್ಲಿರೋ ದೊಡ್ಡಮ್ಮನ ಮಗಳು ಒಂದು ಬೀಚ್ ಫೋಟೋ ಕಳಿಸಿದ್ದಳು. ಜಾಗದ ಹೆಸರು ಸೇಂಟ್ ಕಿಲ್ಡಾ.

"ಯಾರಕ್ಕ ಈ ಕಿಲ್ಡಾ?" ಅಂದೆ.

"ಯಾರೋ ಸಂತ ಇರಬೇಕು ಕಣೇ."

ಮಾರನೇ ದಿನ ಇಂಟರ್ನಲ್ಸ್. ಹಾಗಾಗಿ ಕೂತು ಹುಡುಕಿದೆ!

ಆ ಬಡಾವಣೆಗೆ ಹೆಸರು ಬಂದಿದ್ದು 'ಲೇಡಿ ಆಫ್ ಸೇಂಟ್ ಕಿಲ್ಡಾ' ಅನ್ನೋ ಹಡಗಿನಿಂದ. ಹಡಗಿನ ಹೆಸರಲ್ಲಿರೋ ಸೇಂಟ್ ಕಿಲ್ಡಾ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿರುವ ಒಂದು ದ್ವೀಪಸಮೂಹ. ಆದರೆ ಕಿಲ್ಡಾ ಅನ್ನೋ ಸಂತ ಇದ್ದಿದ್ದಕ್ಕೆ ದಾಖಲೆಯೇ ಇಲ್ಲ.

ಹಾಗಾದ್ರೆ ಹೆಸರು ಎಲ್ಲಿಂದ ಬಂತು? ಅಲ್ಲಿನ ಮುಖ್ಯ ದ್ವೀಪ ಹಿರ್ತ. ಊರಿದ್ದಿದ್ದು ಅಲ್ಲೇ. ಊರಲ್ಲಿ 'ಟೋಬರ್ ಕಿಲ್ಡಾ' ಅಂತ ಒಂದು ಒರತೆ ಇದೆ. ಗೇಲಿಕ್‌ನಲ್ಲಿ 'ಟೋಬರ್' ಅಂದ್ರೆ ಒರತೆ, ಹಳೆಯ ನಾರ್ಸ್ ಭಾಷೆಯ 'ಕೆಲ್ಡಾ' ಅಂದ್ರೂ ಒರತೆಯೇ. ನಾವು 'ನಡು ಸೆಂಟರ್' ಅಂತೀವಲ್ಲ, ಹಾಗೆ. ಅದು ಯಾರೋ ಸಂತನ ಹೆಸರಿನ ಒರತೆ ಅಂತ ಹೊರಗಿನವರು ತಪ್ಪು ತಿಳಿದಿರಬಹುದು ಅನ್ನೋದು ಒಂದು ಊಹೆ. ಇನ್ನೊಂದು ಊಹೆ ಪ್ರಕಾರ, ನಾರ್ಸ್‌ನಲ್ಲಿ ಗುರಾಣಿ ಅನ್ನೋ ಅರ್ಥದ 'ಸ್ಕಿಲ್ಡರ್' ಅನ್ನೋ ಹೆಸರು ಹಳೆಯ ನಕ್ಷೆಗಳಲ್ಲಿ ನಕಲಾಗುತ್ತಾ ಹೋಗಿ 'ಎಸ್. ಕಿಲ್ಡಾ' ಆಯಿತು. 'ಎಸ್' ಅಂದ್ರೆ ಸೇಂಟ್ ಇರಬೇಕು ಅಂತ ಮುಂದಿನವರು ಓದಿಕೊಂಡರು. 1666ರ ಒಂದು ಡಚ್ ನಕ್ಷೆಯಲ್ಲಿ ಈ ಹೆಸರಿದೆ. 1697ರಲ್ಲಿ ಅಲ್ಲಿಗೆ ಹೋದ ಮಾರ್ಟಿನ್ ಮಾರ್ಟಿನ್ ಅನ್ನೋ ಲೇಖಕ, ಕಿಲ್ಡರ್ ಅನ್ನೋ ಒಬ್ಬ ಇಲ್ಲಿದ್ದ, ಅವನಿಂದಲೇ ಈ ಹೆಸರು ಅಂತ ಪುಸ್ತಕದಲ್ಲೇ ಬರೆದುಬಿಟ್ಟ. ತಮಾಷೆ ಅಂದ್ರೆ, ಕೊಲಂಬಾ, ಬ್ರೆಂಡನ್ ಅನ್ನೋ ನಿಜವಾದ ಸಂತರ ಹೆಸರಿನ ಪುಟ್ಟ ಚರ್ಚುಗಳು ಹಿರ್ತದಲ್ಲೇ ಇದ್ದವು. ದ್ವೀಪಕ್ಕೆ ಅಂಟಿಕೊಂಡಿದ್ದು ಮಾತ್ರ ಇಲ್ಲದವನ ಹೆಸರು.

ಇದನ್ನ ಓದಿ ನಾನು ನಗಬೇಕಿತ್ತು. ನಗು ಬರಲಿಲ್ಲ. ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಕೊನೆಯ 'ಎ' ಬಿಟ್ಟುಹೋಗಿ ನಾನು ಹುಡುಗ ಆಗಿಬಿಟ್ಟಿದ್ದೀನಿ. ಅದನ್ನ ನೋಡಿ ಪ್ಯಾನ್, ಅದನ್ನ ನೋಡಿ ಬ್ಯಾಂಕ್ ಪಾಸ್‌ಬುಕ್. ಮೊದಲ ವರ್ಷ ಲ್ಯಾಬ್ ಬ್ಯಾಚ್ ಲಿಸ್ಟ್ ಓದಿದಾಗ "ಎಲ್ಲಿ ಅವನು?" ಅಂದ್ರು. ಕೈ ಎತ್ತಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ತಿದ್ದಿಸೋಕೆ ಹೋಗಲಿಲ್ಲ. ಎರಡು ವರ್ಷದಲ್ಲಿ ಆ ಹೆಸರಿಗೆ ಓಗೊಡೋದೂ ಅಭ್ಯಾಸ ಆಯ್ತು.

ಹಿರ್ತದ ಜನ ಗೇಲಿಕ್ ಮಾತಾಡ್ತಿದ್ರು. ತಮ್ಮ ದ್ವೀಪವನ್ನ ಅವರು ಕರೀತಿದ್ದಿದ್ದು 'ಹಿಯೋರ್ಟ್' ಅಂತ. 1930ರ ಆಗಸ್ಟ್ 29ರಂದು, ಉಳಿದಿದ್ದ ಕೊನೆಯ 36 ಜನ ತಾವೇ ಕೇಳಿಕೊಂಡು ದ್ವೀಪ ಬಿಟ್ಟು ಹಡಗು ಹತ್ತಿದರು. ಇವತ್ತು ಆ ದ್ವೀಪ ಯುನೆಸ್ಕೋ ಪಟ್ಟಿಯಲ್ಲಿದೆ, ಸೇಂಟ್ ಕಿಲ್ಡಾ ಅನ್ನೋ ಹೆಸರಲ್ಲೇ. ತಪ್ಪನ್ನ ತಿದ್ದೋಕೆ ಊರಲ್ಲಿ ಈಗ ಊರಿನವರು ಯಾರೂ ಇಲ್ಲ.

ನಾನಂತೂ ಇದ್ದೀನಲ್ಲ. ಹೋದ ವಾರ ಹೆಸರು ತಿದ್ದುಪಡಿಯ ಅರ್ಜಿ ತಂದಿದ್ದೀನಿ. ಅಫಿಡವಿಟ್ಟು, ಕ್ಯೂ, "ನಾಳೆ ಬನ್ನಿ" ಎಲ್ಲಾ ಇರುತ್ತೆ, ಗೊತ್ತು.

ಎಡಿಟರ್ ಅವರೇ, ಬೇರೆ ಏನು ಬೇಕಾದ್ರೂ ತಿದ್ದಿ. ಕೆಳಗಿರೋ ಹೆಸರಿನ ಕೊನೆಯ ದೀರ್ಘ ಮಾತ್ರ ಬಿಡಬೇಡಿ.

– ಚೇತನಾ, ಎರಡನೇ ವರ್ಷ