ಪೆಟಗಿ, ಪೇಟಿ ಮತ್ತು ಮಾಸ್ತರ್ ಕಾಕಾ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಬರೆಯೋಕೆ ಕೂತಾಗೆಲ್ಲ ಒಂದೇ ವಿಷಯ ತಲೆಗೆ ಬರ್ತಿತ್ತು. ಅದನ್ನ ಬರೆದ್ರೆ ನನ್ನ ಮರ್ಯಾದೆ ನಾನೇ ಹರಾಜು ಹಾಕ್ಕೊಂಡಂಗೆ ಅಂತ ಸುಮ್ಮನಿದ್ದೆ. ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ, ಹೇಳಬಹುದು.

ನಮ್ಮದೊಂದು ನಾಲ್ಕು ಜನರ ಸಣ್ಣ ಮೇಳ. ತಬಲಾದವನು ಇಂಡಿಯವನು, ಪೇಟಿಯವನು (ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ) ಸಿಂದಗಿಯವನು. ಗಿಟಾರ್ ನಾನು, ಮುದ್ದೇಬಿಹಾಳದವನು. ಹಾಡುವವರು ಬಸವನ ಬಾಗೇವಾಡಿಯ ಮಾಸ್ತರ್ ಕಾಕಾ, ರಿಟೈರ್ ಆಗಿ ಹನ್ನೆರಡು ವರ್ಷ ಆಯ್ತು. ವಚನ, ತತ್ವಪದ, ದಾಸರ ಪದ ಹಾಡ್ತೀವಿ. ಗೃಹಪ್ರವೇಶ, ತೊಟ್ಟಿಲ ಕಾರ್ಯಕ್ರಮ, ಶ್ರಾವಣ ಸೋಮವಾರ, ಯಾರಾದ್ರೂ ಕರೆದ್ರೆ ಹೋಗ್ತೀವಿ. ಬಸ್ ಚಾರ್ಜು, ಊಟ, ಮೇಲೆ ಅವರಿಗೆ ತಿಳಿದಷ್ಟು. ವಚನಕ್ಕೆ ಗಿಟಾರ್ ಯಾಕೆ ಅಂತ ಮೂಗು ಮುರಿಯೋರು ಇದ್ದಾರೆ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸಿದ್ರು, ವಿಶ್ವಮೋಹನ ಭಟ್ಟರ ಮೋಹನ ವೀಣೆಗೆ 1994ರಲ್ಲಿ ಗ್ರ್ಯಾಮಿ ಬಂತು ಅಂತ ನಾನು ವಾದ ಮಾಡ್ತೀನಿ. ಅವರೆಲ್ಲಿ ನಾನೆಲ್ಲಿ ಅನ್ನೋದು ಬೇರೆ ಮಾತು.

ನನ್ನದು ಪಿಕಪ್ ಹಾಕಿಸಿದ ಸಾದಾ ಗಿಟಾರ್. ತಬಲಾ ಪಕ್ಕದಲ್ಲಿ ಅದರ ದನಿ ಎಲ್ಲಿ ಕೇಳಬೇಕು? ಹೋದ ವರ್ಷ ಮೇಳದ ಗಂಟಿನಿಂದ ಹನ್ನೊಂದು ಸಾವಿರ ತೆಗೆದು ಸೊಲ್ಲಾಪುರಕ್ಕೆ ಹೋಗಿ 40 ವ್ಯಾಟಿನ ಒಂದು ಗಿಟಾರ್ ಆಂಪ್ಲಿಫೈಯರ್ ತಂದೆ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ. "ಮೈಕೂ ಇದಕ್ಕೇ ಹಚ್ಚಬಹುದು ಸರ್" ಅಂದ ಅಂಗಡಿಯ ಹುಡುಗ. ಹಚ್ಚಬಹುದು, ಸುಳ್ಳಲ್ಲ. ಎತ್ತಿಗೂ ಜೀನು ಹಾಕಬಹುದು.

ಮೊದಲ ಕಾರ್ಯಕ್ರಮ ನಮ್ಮೂರಲ್ಲೇ, ಒಂದು ಹೊಸ ಮನೆಯ ಹಾಲಿನಲ್ಲಿ. ಆರ್‌ಸಿಸಿ ಛಾವಣಿ, ಕೆಳಗೆ ಗ್ರಾನೈಟ್. ಪೆಟಗಿಯನ್ನ ಮೂಲೆಯಲ್ಲಿಟ್ಟೆ. ಮೂಲೆಯಲ್ಲಿಟ್ಟರೆ ಎರಡೂ ಗೋಡೆ, ನೆಲ ಸೇರಿ ದಪ್ಪ ಸ್ವರವನ್ನ ಇನ್ನಷ್ಟು ಉಬ್ಬಿಸ್ತವೆ ಅಂತ ಆಗ ಗೊತ್ತಿರಲಿಲ್ಲ. ಜಮಖಾನೆ ಮೇಲೆ ನಾನು ಅದರ ಪಕ್ಕಕ್ಕೆ ಕೂತಿದ್ದೆ, ಕಾಕಾ ಅದರ ನೇರ ಮುಂದೆ. ತೀಕ್ಷ್ಣ ಸ್ವರಗಳು ಸ್ಪೀಕರಿನಿಂದ ಟಾರ್ಚ್ ಬೆಳಕಿನ ಹಾಗೆ ನೇರವಾಗಿ ಹೋಗ್ತವೆ, ಪಕ್ಕದಲ್ಲಿ ಕೂತವನಿಗೆ ಮಂಕಾಗಿ ಕೇಳ್ತವೆ. ನನಗೆ ನನ್ನ ಗಿಟಾರ್ ಮಂಕಾಗಿ ಕೇಳ್ತಿತ್ತು. ಟ್ರೆಬಲ್ ಏರಿಸಿದೆ. ಇನ್ನೂ ಸಾಲದು ಅನಿಸಿತು, ವಾಲ್ಯೂಮ್ ಏರಿಸಿದೆ. ಅದೆಲ್ಲ ಹೋಗಿ ಕಾಕಾನ ಕಿವಿಗೆ ಬಡೀತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಮೈಕಿನದು. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಸಾಮಾನ್ಯವಾಗಿ ಐದು ಸಾವಿರ ಹರ್ಟ್ಜ್ ದಾಟಿದ ಮೇಲೆ ಕೈ ಚೆಲ್ಲುತ್ತೆ. ಎಲೆಕ್ಟ್ರಿಕ್ ಗಿಟಾರಿಗೆ ಅದು ವರ. ಕರ್ಕಶ ಕಡಿಮೆಯಾಗಿ ದನಿ ಬೆಚ್ಚಗಾಗುತ್ತೆ. ಮನುಷ್ಯನ ಮಾತಿಗೆ ಅದೇ ಶಾಪ. ಸ, ಶ, ತ, ಚ ಇವುಗಳ ಅಂಚು ಇರೋದೇ ಆ ಮೇಲಿನ ಭಾಗದಲ್ಲಿ. ಅದು ಹೋಯ್ತು ಅಂದ್ರೆ ಕೌದಿ ಹೊದ್ದು ಹಾಡಿದಂಗೆ. ಬರೀ ರಾಗ ಆಗಿದ್ರೆ ನಡೀತಿತ್ತೋ ಏನೋ, ವಚನದಲ್ಲಿ ಮಾತು ಕೇಳದಿದ್ರೆ ಉಳಿಯೋದೇನು? ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರ ವಚನಗಾಯನ ರೇಡಿಯೋದಲ್ಲಿ ಕೇಳಿ ಬೆಳೆದವರು ಕಾಕಾ. ಒಂದೊಂದು ಅಕ್ಷರ ಬಿಡಿಸಿ ಹಾಡೋರು. ಆವತ್ತು ಮೂರನೇ ವಚನಕ್ಕೆ ಮೈಕ್ ಕೆಳಗಿಟ್ಟರು.

"ತಮ್ಮಾ, ನಿನ್ನ ಪೆಟಗಿ ಭಾಳ ಚೊಲೊ ಹಾಡ್ತದ. ಇನ್ನ ನಾ ಯಾಕ ಹಾಡ್ಲಿ?"

ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದ್ರು. ಆಮೇಲೆ ನಾಲ್ಕು ತಿಂಗಳು ಬರಲಿಲ್ಲ. ಫೋನ್ ಮಾಡಿದ್ರೆ ಮೊಣಕಾಲು ನೋವು ಅನ್ನೋರು. ಪೇಟಿಯವನು ನನ್ನ ಜೊತೆ ಮಾತು ಬಿಟ್ಟ. ಗಂಟಿನ ದುಡ್ಡು ಹೋಯ್ತು ಅಂತಲ್ಲ, ಕಾಕಾ ಹೋದ್ರು ಅಂತ. ನಾನಾದ್ರೂ ಏನು ಹೇಳಲಿ?

ಆ ಪೆಟಗಿಯನ್ನ ವಿಜಯಪುರದ ಒಂದು ಆರ್ಕೆಸ್ಟ್ರಾದ ಹುಡುಗರಿಗೆ ಏಳು ಸಾವಿರಕ್ಕೆ ಮಾರಿದೆ. ಆಮೇಲೆ ಮೊದಲು ಮಾಡಬೇಕಿದ್ದ ಕೆಲಸ ಶುರು ಮಾಡಿದೆ, ಅಂದ್ರೆ ನಮಗೆ ಬೇಕಾದ್ದು ಏನು ಅಂತ ಯೋಚನೆ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳುವಂತಿರಬೇಕು. ಕರೆಂಟ್ ಹೋದ್ರೂ ನಡೀಬೇಕು. ಮೈಕಿಗೂ ಗಿಟಾರಿಗೂ ಬೇರೆ ಬೇರೆ ಚಾನೆಲ್ ಬೇಕು. ಜೋರು? ತಬಲಾದ ಸರಿಸಮ ಬಂದ್ರೆ ಸಾಕು, ಯಾಕಂದ್ರೆ ತಬಲಾಕ್ಕೆ ನಾವು ಮೈಕ್ ಇಡಲ್ಲ.

ಈ ವ್ಯಾಟ್ ಲೆಕ್ಕ ನಮ್ಮನ್ನ ಬಹಳ ಮೋಸ ಮಾಡುತ್ತೆ. ಶಕ್ತಿ ಎರಡು ಪಟ್ಟಾದ್ರೆ ಏರೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದ್ರೆ ಸುಮಾರು 10 ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್. ಸ್ಪೀಕರ್ ಒಂದೇ ಥರದ್ದಿದ್ರೆ 40 ವ್ಯಾಟಿಗೂ 5 ವ್ಯಾಟಿಗೂ ಇರೋ ಫರಕು ಬರೀ 9 ಡೆಸಿಬೆಲ್. 40ರ ದನಿಗೆ ಹೋಲಿಸಿದ್ರೆ 5ರದ್ದು ಅರ್ಧಕ್ಕಿಂತ ತುಸು ಹೆಚ್ಚೇ ಕೇಳುತ್ತೆ!

ತಬಲಾದವನ ಅಳಿಯನ ಹತ್ತಿರ ಬಾಸ್ ಕಟಾನಾ ಮಿನಿ ಇತ್ತು. 7 ವ್ಯಾಟ್, 4 ಇಂಚಿನ ಸ್ಪೀಕರ್, ಆರು ಪೆನ್ಸಿಲ್ ಸೆಲ್ ಹಾಕಿದ್ರೆ ಆಯ್ತು. ಇಂಡಿಗೆ ಹೋಗಿ ಎರಡು ದಿನ ನುಡಿಸಿ ನೋಡಿದೆ. ಮನೆಯಲ್ಲಿ ಒಬ್ಬನೇ ರಿಯಾಜ್ ಮಾಡೋಕೆ ಇಷ್ಟು ಸಾಕು, ಹೆಡ್‌ಫೋನ್ ಹಾಕ್ಕೊಂಡ್ರೆ ಹೆಂಡತಿ ಬೈಯೋದೂ ಇಲ್ಲ. ಆದ್ರೆ ಅದು ಗಿಟಾರಿನ ಸಾಮಾನು, ಮೈಕಿಗೆ ಬೇರೆ ಜಾಗ ಇಲ್ಲ. ಅದೇ ತಪ್ಪು ಎರಡನೇ ಸಲ ಮಾಡೋಕೆ ಧೈರ್ಯ ಬರಲಿಲ್ಲ.

ಕೊನೆಗೆ ಪುಣೆಯಲ್ಲಿರುವ ತಮ್ಮನ ಗೆಳೆಯ ಮಾರಲಿಕ್ಕೆ ಇಟ್ಟಿದ್ದ ಹಳೇ ರೋಲ್ಯಾಂಡ್ ಕ್ಯೂಬ್ ಸ್ಟ್ರೀಟ್ ಸಿಕ್ತು. ಬೀದಿಯಲ್ಲಿ ನಿಂತು ಹಾಡೋರಿಗೆ ಅಂತಲೇ ಮಾಡಿದ್ದು. ಆರೂವರೆ ಇಂಚಿನ ಎರಡು ಸ್ಪೀಕರ್, ಎರಡೂವರೆ ಎರಡೂವರೆ ಸೇರಿ 5 ವ್ಯಾಟ್. ಮೈಕಿಗೊಂದು ಚಾನೆಲ್, ಗಿಟಾರಿಗೊಂದು. ಇದಕ್ಕೂ ಆರು ಪೆನ್ಸಿಲ್ ಸೆಲ್. ತೂಕ ಐದು ಕಿಲೋ ಮೇಲೆ ಚಿಲ್ಲರೆ. ಮುಖ ತುಸು ಆಕಾಶ ನೋಡೋ ಹಾಗೆ ಓರೆಯಾಗಿದೆ, ನೆಲದ ಮೇಲಿಟ್ಟರೂ ದನಿ ಮೇಲಕ್ಕೆ ಬರುತ್ತೆ.

ಸಿಂದಗಿಯಲ್ಲಿ ಪೇಟಿಯವನ ಮನೆಯದು ಮಣ್ಣಿನ ಮಾಳಿಗೆ. ಅಲ್ಲಿ ಪಡಸಾಲೆಯಲ್ಲಿಟ್ಟು ಪರೀಕ್ಷೆ ಮಾಡಿದ್ವಿ. ಮಣ್ಣಿನ ಗೋಡೆ ಗದ್ದಲವನ್ನ ಕುಡಿದುಬಿಡುತ್ತೆ, ವಾಲ್ಯೂಮ್ ಅರ್ಧವೂ ಬೇಕಾಗಲಿಲ್ಲ. ಮಾರನೇ ದಿನ ಬಯಲಿಗೆ ತಂದ್ವಿ. ಬಯಲಲ್ಲಿ ದೂರ ಎರಡು ಪಟ್ಟಾದಾಗೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತೆ, ಮೂವತ್ತು ಹೆಜ್ಜೆ ಆಚೆ ನಿಂತವನಿಗೆ ಏನೂ ತಿಳೀತಿರಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದ್ರೆ ಗಿಟಾರ್ ಹರಿದ ಹಾಗೆ ಕೇಳುತ್ತೆ. ಜಾತ್ರೆಗೆ ಇದು ಆಗಲ್ಲ, ಅಲ್ಲಿಗೆ ಬಾಡಿಗೆ ಮೈಕ್ ಸೆಟ್ಟೇ ಸರಿ. (ಹಲಸಂಗಿ ಕಡೆಯ ಲಾವಣಿ, ಗೀಗೀ ಮೇಳದವರು ಒಂದು ಕೈ ಕಿವಿಗೆ ಹಚ್ಚಿ ಇಡೀ ರಾತ್ರಿ ಬಯಲಲ್ಲಿ ಹಾಡ್ತಿದ್ರಲ್ಲ, ಅವರಿಗೆ ಆ ಕೈಯೇ ಮಾನಿಟರ್. ಗೋಳಗುಮ್ಮಟ ಕಟ್ಟಿದ ಜಿಲ್ಲೆಯವರು ನಾವು, ಆಂಪ್ಲಿಫೈಯರ್ ಹುಡುಕ್ತಾ ಅಲೆಯೋದು ನಾಚಿಕೆಗೇಡೇ :-)

ಶ್ರಾವಣದಲ್ಲಿ ಒಂದು ಸೋಮವಾರ ಮೂವರೂ ಹೇಳದೇ ಕೇಳದೇ ಕಾಕಾನ ಮನೆಗೇ ಹೋದ್ವಿ. ಕಾಕು ಚಹಾ ಕೊಟ್ಟರು. ಕಾಕಾ ಪೆಟಗಿ ನೋಡಿ ಮುಖ ಆಚೆ ತಿರುಗಿಸಿದ್ರು. ಈ ಸಲ ಅದನ್ನ ಮೂಲೆಗೆ ಇಡಲಿಲ್ಲ. ನಮ್ಮ ಹಿಂದೆ ಒಂದು ಸ್ಟೂಲ್ ಮೇಲಿಟ್ಟೆ, ಅವರಿಗೆ ಕೇಳಿದ್ದೇ ನನಗೂ ಕೇಳಲಿ ಅಂತ. ಮೈಕ್ ಅದರ ಎದುರು ಬಾರದ ಹಾಗೆ ಓರೆ ಹಿಡಿಸಬೇಕಾಯ್ತು, ಇಲ್ಲಾಂದ್ರೆ ಕುಂಯ್ ಅನ್ನುತ್ತೆ. ಗಿಟಾರ್ ಚಾನೆಲ್ ವಾಲ್ಯೂಮ್ ತೀರಾ ಕಡಿಮೆ ಇಟ್ಟೆ. ಎರಡು ವಚನ ಆಗೋ ಹೊತ್ತಿಗೆ ಕರೆಂಟ್ ಹೋಯ್ತು. ಕತ್ತಲಲ್ಲೇ ಕಾಕಾ ಮುಂದುವರಿಸಿದ್ರು, ಒಂದೊಂದು ಅಕ್ಷರ ಬಿಡಿಸಿ. ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ಕೂತರು. ನಾನು ಅರ್ಧ ಹೊತ್ತು ತಂತಿ ಮುಟ್ಟಲೇ ಇಲ್ಲ.

ಎದ್ದು ಹೊರಡುವಾಗ ಕಾಕಾ ಪೆಟಗಿ ಎತ್ತಿ ತೂಕ ನೋಡಿದ್ರು.

"ಇದರ ಸೆಲ್ ಎಷ್ಟ ತಾಸ ಬರ್ತಾವೊ?"

"ಇವತ್ತಿನಂಥಾವ ಎರಡು ಮೂರು ಕಾರ್ಯಕ್ರಮ ಸಹಜ ಆಗ್ತಾವ ಕಾಕಾ. ಯಾಕ್ರಿ?"

"ಬರೂ ಸೋಮವಾರ ನಮ್ಮ ಬೀಗರ ಮನ್ಯಾಗ ಕರದಾರ. ನಾ ಒಲ್ಲೆ ಅಂದಿದ್ದೆ."