ಮಲಪ್ರಭೆಯ ದಂಡೆಗುಂಟ ಸೈಕಲ್ ದಾರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು ಒಂದೇ ದಿನದಲ್ಲಿ ಮೂರನ್ನೂ ಮುಗಿಸುತ್ತಾರೆ. ಬೆಳಿಗ್ಗೆ ಬಾದಾಮಿಯ ಲಾಡ್ಜ್ ಬಿಟ್ಟರೆ ರಾತ್ರಿ ಊಟಕ್ಕೆ ಮತ್ತೆ ಅಲ್ಲೇ. ನಡುವಿನ ಹಳ್ಳಿಗಳಲ್ಲಿ ಗಾಡಿ ನಿಲ್ಲುವುದಿಲ್ಲ. ನಮ್ಮ ಚಹಾದಂಗಡಿಗಳಿಗೆ ಅವರಿಂದ ಸಿಗುವುದು ಧೂಳು ಅಷ್ಟೇ.

ಈಗೀಗ ಇನ್ನೊಂದು ತರದ ಪ್ರವಾಸಿಗರು ಕಾಣಸಿಗುತ್ತಾರೆ. ತಲೆಗೆ ಹೆಲ್ಮೆಟ್, ಗೇರ್ ಸೈಕಲ್, ಹಿಂದಿನ ಚಕ್ರದ ಎರಡೂ ಬದಿಗೆ ಚೀಲ. ಸೈಕಲ್ ಮೇಲೆ ಬಂದವರು ನಿಲ್ಲಲೇಬೇಕು. ಹತ್ತು ಕಿಲೋಮೀಟರಿಗೆ ನೀರು ಬೇಕು, ಇಪ್ಪತ್ತಕ್ಕೆ ಹೊಟ್ಟೆಗೆ ಏನಾದರೂ ಬೇಕು, ಸಂಜೆಯಾದರೆ ಮಲಗಲು ಜಾಗ ಬೇಕು. ಇವರು ಹೋಗುವ ದಾರಿ ಹೇಗಿದೆ, ದಾರಿಯ ಊರುಗಳಿಗೆ ಇದರಿಂದ ಏನಾದರೂ ಉಪಯೋಗವಿದೆಯೇ ಎಂದು ನೋಡಲು ನಾವು ಮೂವರು ಗೆಳೆಯರು ಡಿಸೆಂಬರ್ ಕೊನೆಯ ವಾರ ಬಾದಾಮಿಯಿಂದ ಕೂಡಲಸಂಗಮಕ್ಕೆ ಸೈಕಲ್ ಹೊಡೆದೆವು. ಬೇರೆಯವರಿಂದ ತಂದ ಒಂದು ಗೇರ್ ಸೈಕಲ್, ಮನೆಯ ಎರಡು ಹಳೇ ಸೈಕಲ್. ನೂರು ಕಿಲೋಮೀಟರ್ ಒಳಗಿನ ದಾರಿ, ಎರಡೂವರೆ ದಿನ.

ಮೊದಲು ದಾರಿ ಹೇಳಿಬಿಡುತ್ತೇವೆ. ಬಾದಾಮಿಯಿಂದ ಮಹಾಕೂಟದ ಮೇಲೆ ಹಾಯ್ದು ಪಟ್ಟದಕಲ್ಲು. ನೇರ ಹೋದರೆ ಸುಮಾರು 22 ಕಿ.ಮೀ. ಅಲ್ಲಿಂದ ಐಹೊಳೆ ಸುಮಾರು 14 ಕಿ.ಮೀ. ಮುಂದೆ ಅಮೀನಗಡ, ಹುನಗುಂದ, ಕೂಡಲಸಂಗಮ. ಹೊರಡುವ ಮೊದಲು 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ ಬುತ್ತಿ ಕಟ್ಟಿಸಿಕೊಳ್ಳಿರಿ. ಗುಡಿಯ ಹತ್ತಿರ ಅವ್ವಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಕುಳಿತಿರುತ್ತಾರೆ. ಕಟಕ ರೊಟ್ಟಿ ಚೀಲದಲ್ಲಿ ಎರಡು ದಿನ ಇಟ್ಟರೂ ಕೆಡುವುದಿಲ್ಲ.

ಈ ಸೀಮೆ ಕೆಂಪು ಮರಳುಗಲ್ಲಿನ ಗುಡ್ಡಗಳದ್ದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಗುಡ್ಡಗಳ ನಡುವೆ ದಾರಿ ಕೊರೆದುಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಒಂದು ಕಡೆ ಗೋಡೆಯಂತೆ ನಿಂತ ಬಂಡೆ, ಇನ್ನೊಂದು ಕಡೆ ಹೊಲ, ಕೆಳಗೆ ಹೊಳೆ. ಚಾಲುಕ್ಯರಿಗೆ ಕೆತ್ತಲು ಬರುವ ಕಲ್ಲೂ ಹೊಳೆಯ ನೀರೂ ಇಲ್ಲಿ ಒಟ್ಟಿಗೇ ಸಿಕ್ಕವು. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನ 634ರದ್ದು. ಎರಡನ್ನೂ ಮೆಟ್ಟಿಲು ಹತ್ತಿಯೇ ನೋಡಬೇಕು, ಹಾಗಾಗಿ ಕಾಲಿನಲ್ಲಿ ಸ್ವಲ್ಪ ಕಸುವು ಉಳಿಸಿಕೊಳ್ಳಿರಿ.

ದೊಡ್ಡ ಘಾಟ್ ಎಲ್ಲೂ ಇಲ್ಲ. ಆದರೆ ಸಣ್ಣ ದಿಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ಗೇರ್ ಇದ್ದವರು ಕುಳಿತೇ ಹತ್ತಿದರು, ಇಲ್ಲದವರು ಇಳಿದು ತಳ್ಳಿದೆವು. ದಿಬ್ಬಕ್ಕಿಂತ ಕಾಡಿದ್ದು ಗಾಳಿ. ಈ ದಾರಿ ಈಶಾನ್ಯಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಎದುರಿಗೆ ಬರುತ್ತದೆ. ಹೊಳೆ ಹರಿಯುವ ದಿಕ್ಕಿಗೇ ಹೋಗಬೇಕೆಂಬ ಆಸೆಗೆ ನಾವು ಅದನ್ನು ಎದುರಿಸಿದೆವು. ನೀವು ಚಳಿಗಾಲದಲ್ಲಿ ಹೊರಟರೆ ಕೂಡಲಸಂಗಮದಿಂದ ಬಾದಾಮಿಗೆ ಬನ್ನಿ, ಗಾಳಿ ಬೆನ್ನಿಗಿರುತ್ತದೆ. ಜೂನ್‌ನಿಂದ ಪಡುವಣ ಗಾಳಿ, ಆಗ ಬಾದಾಮಿಯಿಂದ ಹೊರಡಬಹುದು. ಆದರೆ ಮಳೆಗಾಲದಲ್ಲಿ ಡಾಂಬರು ಬಿಟ್ಟು ಎರೆ ಹೊಲದ ದಾರಿಗೆ ಇಳಿಯಬೇಡಿ. ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ಲನ್ನು ನೀವೇ ಹೊರಬೇಕಾಗುತ್ತದೆ.

ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆದಿದೆ. ಕಡಿದು ಹಾಕಿದ ಟೊಂಗೆಗಳು ಡಾಂಬರಿನ ಅಂಚಿನಲ್ಲೇ ಬಿದ್ದಿರುತ್ತವೆ. ನಮಗೆ ಮೂರು ಪಂಚರ್ ಆದವು, ಮೂರೂ ಮುಳ್ಳಿನವು. ಪಂಚರ್ ತೆಗೆಯುವವರು ಊರಿಗೊಬ್ಬರು ಸಿಗುತ್ತಾರೆ. ತೊಂದರೆ ಬಂದಿದ್ದು ಗೇರ್ ಸೈಕಲ್ಲಿನ ತೆಳ್ಳನೆ ವಾಲ್‌ಗೆ. ನಮ್ಮ ಪಂಪು ಅದಕ್ಕೆ ಹಿಡಿಯುವುದಿಲ್ಲ. "ಇದಕ್ಕೊಂದು ಸಣ್ಣ ಹಿತ್ತಾಳಿ ಟೋಪಿ ಬರತೈತಿ ತಮ್ಮಾ, ಅದನ್ನ ತಂದಿದ್ರ ನಾನs ಹವಾ ಹಾಕತಿದ್ದೆ" ಎಂದರು ಅಂಗಡಿಯ ಕಾಕಾ. ಗೆಳೆಯನ ಚೀಲದಲ್ಲಿ ಆ ಟೋಪಿ ಇತ್ತು. ಕಾಕಾ ಅದನ್ನು ತಿರುಗಿಸಿ ನೋಡಿ, ತಮಗೂ ಎರಡು ತರಿಸಿಕೊಡಲು ದುಡ್ಡು ಕೊಟ್ಟರು. ಆ ಅಂಗಡಿ ಈಗ ಗೇರ್ ಸೈಕಲ್ಲಿಗೂ ಅಂಗಡಿಯೇ.

ನೀರಿನದ್ದೂ ಹೀಗೇ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿದರೆ ಒಂದು ಕೊಡಕ್ಕಾಗುವಷ್ಟು ನೀರು ಒಮ್ಮೆಲೇ ಬರುತ್ತದೆ. ನಮಗೆ ಬೇಕಾದದ್ದು ಮೂರು ಬಾಟಲಿ. ಕೊಡ ಹಿಡಿದು ಬಂದ ಅಕ್ಕ ಒಬ್ಬರು ಮೊದಲು ನಮ್ಮ ಬಾಟಲಿ ತುಂಬಿಸಿ, ಉಳಿದದ್ದನ್ನು ಕೊಡಕ್ಕೆ ಹಿಡಿದರು. ಕಾಯಿನ್ ಮಾತ್ರ ನಮ್ಮದನ್ನು ಹಾಕಗೊಡಲಿಲ್ಲ.

ಇಷ್ಟೆಲ್ಲ ಚೆನ್ನಾಗಿದೆ. ಹೆದರಿಕೆಯಾದದ್ದು ಬೇರೆ ಕಾರಣಕ್ಕೆ.

ಡಿಸೆಂಬರ್ ಎಂದರೆ ಕಬ್ಬಿನ ಹಂಗಾಮು. ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಅಗಲ ಮೀರಿ ಹೇರಿದ ಕಬ್ಬು. ಡಾಂಬರು ಒಂದು ಗಾಡಿಯಷ್ಟೇ ಅಗಲ, ಪಕ್ಕದ ಮಣ್ಣು ಗೇಣುದ್ದ ಕೆಳಗೆ. ಹಾಡಿನ ಸಪ್ಪಳದಲ್ಲಿ ಚಾಲಕನಿಗೆ ಹಿಂದಿನ ಬೆಲ್ ಕೇಳುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಹಿಂದಿನ ಟ್ರೇಲರಿಗೆ ದೀಪವೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಎರಡನೇ ದಿನ ಸಂಜೆ ಇಂಥದ್ದೊಂದು ರಸ್ತೆಯಲ್ಲೇ ಕೆಟ್ಟು ನಿಂತಿತ್ತು. ಹತ್ತು ಮಾರು ಹತ್ತಿರ ಹೋಗುವತನಕ ಕಾಣಲಿಲ್ಲ. ಆಮೇಲೆ ನಾವು ಐದೂವರೆಗೇ ಸೈಕಲ್ ನಿಲ್ಲಿಸತೊಡಗಿದೆವು.

ನಾವು ಎರಡೂವರೆ ದಿನ ಹೋಗಿ ಬಂದವರು. ಇದೇ ಜಿಲ್ಲೆಯ ಮಕ್ಕಳು ಇಂಥ ರಸ್ತೆಯಲ್ಲಿ ದಿನಾ ಶಾಲೆಗೆ ಹೋಗುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಊರೂರಿನ ಹೆಣ್ಣುಮಕ್ಕಳು ಸೈಕಲ್ ಕಲಿತರು. ಕೊರೊನಾ ಬಂದ ಮೇಲೆ ಅದು ನಿಂತಿತು. ನಮ್ಮ ಅಕ್ಕನ ಹಿರಿಮಗಳಿಗೆ ಸಿಕ್ಕಿದ್ದ ಸೈಕಲ್ಲನ್ನೇ ಈಗ ಕಿರಿಮಗಳು ಓಡಿಸುತ್ತಾಳೆ. ಒಂಬತ್ತನೇ ತರಗತಿ, ಹೈಸ್ಕೂಲು 4 ಕಿ.ಮೀ. ಕಬ್ಬಿನ ಗಾಡಿ ಶುರುವಾದ ದಿನದಿಂದ ಭಾವ ಸೈಕಲ್ಲಿಗೆ ಕೀಲಿ ಹಾಕಿದ್ದಾರೆ. ಬಸ್ಸಿಗೆ ಹೋದರೆ ಮೊದಲ ಪಿರಿಯಡ್ ತಪ್ಪುತ್ತದೆ. ಅದು ಗಣಿತದ್ದು.

"ಮಾಮಾ, ನೀವು ಸಂಗಮದತನಕ ಹೋಗಿ ಬಂದ್ರಿ. ನನಗ ನಾಕು ಕಿಲೋಮೀಟರ್ ಬ್ಯಾಡ ಅಂತಾರ" ಎಂದಳು.

ಭಾವನದು ತಪ್ಪು ಎನ್ನಲು ನಮಗೆ ಬಾಯಿ ಬರಲಿಲ್ಲ. ಆ ಟ್ರೇಲರ್ ನಾವೂ ನೋಡಿದ್ದೆವು.

ಇನ್ನೊಂದು ಮಾತು ಹೊಳೆಯದ್ದು. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಾಗಿ ನಿಲ್ಲುವ ಮಲಪ್ರಭೆ, ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರೆ ಗುರುತೇ ಸಿಗದಂತಾಗುತ್ತಾಳೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ ಎಂದು ಹೊಳೆ ನೋಡುವುದಿಲ್ಲ. ದಂಡೆಯ ತಗ್ಗಿನ ಸೇತುವೆ ಮುಳುಗಿದರೆ ದಾರಿ ಕಡಿಯಿತು ಎಂದೇ ಲೆಕ್ಕ. ಮಳೆಗಾಲದಲ್ಲಿ ಸೈಕಲ್ ಮೇಲೆ ಬರುವವರು ಫೋನಿನ ನಕ್ಷೆ ನಂಬದೆ ಊರವರನ್ನು ಕೇಳಿಯೇ ಮುಂದೆ ಹೋಗಬೇಕು.

ಮೂರನೇ ದಿನ ಮಧ್ಯಾಹ್ನ ಅಮೀನಗಡದ ಕರದಂಟು ತಿನ್ನುತ್ತ ಸಂಗಮಕ್ಕೆ ಬಂದೆವು. ಬಸವಣ್ಣನವರ ಐಕ್ಯ ಮಂಟಪ ಈಗ ಬಾವಿಯಂಥ ಗೋಡೆಯ ತಳದಲ್ಲಿದೆ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಒಳಗೆ ಬಾರದಂತೆ ಸುತ್ತ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲು ಇಳಿದು ಕುಳಿತಾಗ ತಲೆಯ ಮೇಲಿನ ಮಟ್ಟದಲ್ಲಿ ಹೊಳೆ ಇರುವುದು ಗೊತ್ತಾಗುತ್ತದೆ.

ಹಾಗಾದರೆ ಈ ದಾರಿ ಸೈಕಲ್ಲಿಗೆ ತಕ್ಕದ್ದೇ? ಹೌದು, ಬಹಳ ಚಂದದ ದಾರಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಓಟಗಾರರಿಗೆ ಮೊದಲಿಂದಲೂ ಹೆಸರಾದವು, ಇಲ್ಲಿನ ಜನಕ್ಕೆ ಸೈಕಲ್ ಹೊಸದಲ್ಲ. ದಾರಿ ಸರಿಯಾಗಲು ದೊಡ್ಡ ಯೋಜನೆಯೂ ಬೇಡ. ಅಂಚಿನ ಜಾಲಿ ಕಡಿದು ದೂರ ಹಾಕಬೇಕು. ಡಾಂಬರಿನ ಪಕ್ಕಕ್ಕೆ ಮರಂ ಹಾಕಿ ಸಮ ಮಾಡಬೇಕು. ಟ್ರೇಲರಿನ ಹಿಂದೆ ರೇಡಿಯಂ ಹಚ್ಚಬೇಕು. ದೂರದಿಂದ ಬರುವ ಸೈಕಲ್ ಪ್ರವಾಸಿಗೆ ಬೇಕಾದದ್ದು ಇಷ್ಟೇ. ನಮ್ಮ ಮಕ್ಕಳಿಗೆ ಬೇಕಾದದ್ದೂ ಇಷ್ಟೇ. ಮುಂದಿನ ಗ್ರಾಮಸಭೆಯಲ್ಲಿ "ಪ್ರವಾಸಿಗರಿಗಾಗಿ" ಎಂದು ಕೇಳಿದರೆ ಕೆಲಸವಾಗುವುದಾದರೆ ಹಾಗೇ ಕೇಳಿರಿ.

ನಾವು ಬಂದ ವಾರ ಊರಿನ ಹುಡುಗರು ಸೇರಿ ಹನ್ನೊಂದು ಟ್ರೇಲರಿಗೆ ರೇಡಿಯಂ ಪಟ್ಟಿ ಹಚ್ಚಿದೆವು. ಒಂದಕ್ಕೆ ನೂರು ರೂಪಾಯಿಯೂ ಆಗಲಿಲ್ಲ. ಚಾಲಕರು ಬೇಡ ಎನ್ನಲಿಲ್ಲ, ಒಬ್ಬರು ಚಹಾ ಕುಡಿಸಿದರು. ಭಾವ ಮಾತ್ರ ಬೇರೆ ಊರಿನ ಗಾಡಿಗಳನ್ನು ಎಣಿಸುತ್ತಿದ್ದಾರೆ. ಸೈಕಲ್ಲಿನ ಕೀಲಿ ಇನ್ನೂ ಅವರ ಜೇಬಿನಲ್ಲೇ ಇದೆ.