ಒಂದು ಡಿಗ್ರಿಯ ಲೆಕ್ಕ

ಹಾಸನದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಆ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ‘ಡಿಗ್ರಿ ಮೇಷ್ಟ್ರು’. ಅವರು ಡಿಗ್ರಿ ಪಡೆದಿದ್ದರು ಎಂದಲ್ಲ. 60 ಡಿಗ್ರಿಯ ಕೋನ ಬರೆಯಿರಿ ಎಂದಾಗ 61 ಬರೆದವರಿಗೆ ಅರ್ಧ ಅಂಕ ಕತ್ತರಿಸುತ್ತಿದ್ದರು ಎಂದು. ‘ಒಂದು ಡಿಗ್ರಿ ತಾನೆ ಸಾರ್’ ಎಂದು ಯಾರಾದರೂ ಗೊಣಗಿದರೆ, ‘ಬುಡದಲ್ಲಿ ತಪ್ಪಿದ್ದು ತುದಿಯಲ್ಲಿ ಸರಿಹೋಗೋದಿಲ್ಲ ಕಣೋ’ ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡಿ ಎಂಟನೇ ತರಗತಿಯ ಮೊಮ್ಮಗಳಿಗೂ ಅರ್ಧ ಅಂಕ ಕತ್ತರಿಸಿ ಅಳಿಸಿದ್ದರು.

ಆ ಮೊಮ್ಮಗಳು ಪಿಯುಸಿಗೆ ಬರುವ ಹೊತ್ತಿಗೆ ಮೇಷ್ಟ್ರ ಕಣ್ಣಿಗೆ ಪೊರೆ ಬಂದಿತ್ತು. ತಪಾಸಣೆ ಮಾಡಿದ ಡಾಕ್ಟರು, ಪೊರೆಯ ಜೊತೆಗೆ ಅಸ್ಟಿಗ್ಮ್ಯಾಟಿಸಂ ಕೂಡ ಇದೆ ಎಂದರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರಬೇಕು. ಕೋಳಿಮೊಟ್ಟೆಯ ಪಕ್ಕದಂತೆ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಾಗಿದ್ದರೆ ಅಕ್ಷರಗಳು ಕದಡಿ ಕಾಣುತ್ತವೆ. ಕೇಂಬ್ರಿಜ್‌ನ ಜಾರ್ಜ್ ಏರಿ 1825ರಲ್ಲಿ ತಮ್ಮ ಎಡಗಣ್ಣಿನ ಈ ದೋಷವನ್ನು ವಿವರಿಸಿ, ಅದಕ್ಕೆ ಹೊಂದುವ ಮಸೂರ ಮಾಡಿಸಿಕೊಂಡಿದ್ದರು. ಅವರೂ ಗಣಿತದವರೇ! ಈ ದೋಷಕ್ಕೆ ಮಸೂರದ ಶಕ್ತಿ ಸರಿಯಿದ್ದರೆ ಸಾಲದು, ಅದು ಕೂರುವ ದಿಕ್ಕೂ ಸರಿಯಿರಬೇಕು.

ಪೊರೆ ತೆಗೆದು ‘ಟೋರಿಕ್’ ಎಂಬ ಮಸೂರ ಇಟ್ಟರೆ ಎರಡೂ ತೊಂದರೆ ಒಟ್ಟಿಗೆ ನೀಗುತ್ತದೆ. ಆದರೆ ಖರ್ಚು ಜಾಸ್ತಿ. ‘ಸಾಧಾರಣದ್ದೇ ಸಾಕು, ಹುಡುಗಿ ಕಾಲೇಜಿಗೆ ದುಡ್ಡು ಬೇಕು’ ಎಂದು ಮೇಷ್ಟ್ರು ಹಟ ಹಿಡಿದರು. ಮಗ ಕೇಳಲಿಲ್ಲ.

ಆಪರೇಷನ್ ದಿನ ಅವರನ್ನು ಮೊದಲು ಮಲಗಿಸಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ‘ಎದುರುಗಡೆ ದೂರಕ್ಕೆ ನೋಡಿ ಸಾರ್, ಕಣ್ಣಿನ ಅಂಚಿಗೆ ಗುರುತು ಹಾಕ್ತೀನಿ’ ಎಂದರು ಡಾಕ್ಟರು.

‘ಮಲಗಿಸಿಕೊಂಡೇ ಹಾಕಬಹುದಲ್ವಾ?’ ಮೊಮ್ಮಗಳು ಕೇಳಿದಳು.

‘ಮಲಗಿದಾಗ ಕಣ್ಣುಗುಡ್ಡೆ ತನ್ನಷ್ಟಕ್ಕೆ ಸ್ವಲ್ಪ ತಿರುಗುತ್ತಮ್ಮ. ಸಾಮಾನ್ಯವಾಗಿ ಎರಡು ಮೂರು ಡಿಗ್ರಿ, ಕೆಲವರಿಗೆ ಹತ್ತಕ್ಕೂ ಮೇಲೆ. ಕೂತಾಗ ಹಾಕಿದ ಗುರುತೇ ನಮಗೆ ದಿಕ್ಕು.’

ಗುರುತು ಬೀಳಬೇಕಾದದ್ದು ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಜಾಗದಲ್ಲಿ. ಆಮೇಲೆ ಆಪರೇಷನ್ ಟೇಬಲ್ಲಿನ ಮೇಲೆ ಡಿಗ್ರಿ ಕೆತ್ತಿದ ಉಂಗುರವೊಂದನ್ನು ಆ ಚುಕ್ಕೆಗಳಿಗೆ ಹೊಂದಿಸಿ, ಮಸೂರ ಕೂರಿಸುವ ಅಕ್ಷವನ್ನು ಅಳೆಯುತ್ತಾರೆ. ಉಂಗುರ ನೋಡಿದ ಮೇಷ್ಟ್ರ ಮುಖ ಅರಳಿತು. ‘ಇದು ಕೋನಮಾಪಕವೇ!’

ಆದರೆ ತೊಂದರೆ ಬಂದದ್ದು ಅವರಿಂದಲೇ. ಹುಡುಗರ ಪುಸ್ತಕಕ್ಕೆ ಬಗ್ಗಿ ಬಗ್ಗಿ ಅವರ ಕತ್ತು ಎಡಕ್ಕೆ ವಾಲಿರುತ್ತಿತ್ತು. ಡಾಕ್ಟರು ನೆಟ್ಟಗೆ ಮಾಡಿದರೂ ಮರುಗಳಿಗೆ ಮತ್ತೆ ಎಡಕ್ಕೆ. ಹೊರಗೆ ಹತ್ತಾರು ಜನ ಕಾಯುತ್ತಿದ್ದರು. ಡಾಕ್ಟರು ಅವಸರ ಮಾಡಲಿಲ್ಲ. ಮೂರನೆಯ ಸಲವೂ ತಲೆ ಸರಿಪಡಿಸಿದರು. ಕಣ್ಣೀರಿಗೆ ಶಾಯಿ ಹರಡದಂತೆ ಅಂಚನ್ನು ಒರೆಸಿ, ಸಣ್ಣ ಚುಕ್ಕೆಗಳನ್ನಿಟ್ಟು, ಮತ್ತೊಮ್ಮೆ ಪರೀಕ್ಷಿಸಿದರು. ಈಗ ಕೆಲವು ಆಸ್ಪತ್ರೆಗಳಲ್ಲಿ ಕೂತಾಗ ತೆಗೆದ ಕಣ್ಣಿನ ರಕ್ತನಾಳಗಳ ಚಿತ್ರ ನೋಡಿ ಯಂತ್ರವೇ ಅಕ್ಷ ತೋರಿಸುತ್ತದೆ. ಆದರೆ ಆ ಚಿತ್ರ ತೆಗೆಯುವಾಗಲೂ ತಲೆ ನೆಟ್ಟಗಿರಲೇಬೇಕು.

ಹೊರಗೆ ಕೂತ ಮೊಮ್ಮಗಳು ಲೆಕ್ಕ ಹಾಕಿದಳು. ಕಾರ್ನಿಯಾದ ಅಡ್ಡಗಲ ಸುಮಾರು 12 ಮಿಲಿಮೀಟರ್. ಸುತ್ತಳತೆ 38ರ ಹತ್ತಿರ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸಿಗುವುದು ಮಿಲಿಮೀಟರಿನ ಹತ್ತನೇ ಒಂದು ಪಾಲು! ಅರ್ಧ ಮಿಲಿಮೀಟರ್ ದಪ್ಪದ ಚುಕ್ಕೆಯೊಂದೇ ಐದು ಡಿಗ್ರಿ ನುಂಗುತ್ತದೆ. ಮಸೂರ ಒಂದು ಡಿಗ್ರಿ ತಪ್ಪಿದರೆ ಅದರ ಪ್ರಯೋಜನದಲ್ಲಿ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು ನಷ್ಟ. ಹತ್ತು ಡಿಗ್ರಿಗೆ ಮೂರನೇ ಒಂದು ಪಾಲು. ಮೂವತ್ತು ತಪ್ಪಿದರೆ ಟೋರಿಕ್ ಇಟ್ಟೂ ಇಡದಂತೆ. ಅದನ್ನೂ ಮೀರಿದರೆ ಮೊದಲಿಗಿಂತ ಕಷ್ಟ.

ವಾರದ ನಂತರ ಡಾಕ್ಟರು ಮಸೂರದ ಸ್ಥಾನ ಪರೀಕ್ಷಿಸಿದರು. ಎದುರು ಗೋಡೆಯ ಕ್ಯಾಲೆಂಡರನ್ನು ತಿಥಿ ನಕ್ಷತ್ರ ಸಮೇತ ಓದುತ್ತಿದ್ದ ಮೇಷ್ಟ್ರು ಕೇಳಿದರು: ‘ವ್ಯತ್ಯಾಸ ಎಷ್ಟು?’

‘ಎರಡು ಡಿಗ್ರಿ ಸಾರ್. ಏನೂ ತೊಂದರೆಯಿಲ್ಲ.’

ಬಸ್ಸಿನಲ್ಲಿ ಮೊಮ್ಮಗಳು ಕೆಣಕಿದಳು: ‘ಡಾಕ್ಟರಿಗೆ ಒಂದು ಅಂಕ ಕತ್ತರಿಸ್ತೀರಾ ತಾತ?’

‘ಗುರುತು ಹಾಕೋಕ್ಕೆ ಮುಂಚೆ ಮೂರು ಸಲ ನೋಡಿದವರಿಗೆ ಕತ್ತರಿಸೋದುಂಟೇನೇ?’

‘ನಾನೂ ಮೂರು ಸಲ ಅಳೆದಿದ್ದೆ. ಅರವತ್ತೇ ಇತ್ತು. ನೀವು ಅರವತ್ತೊಂದು ಅಂದ್ರಿ.’

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಕೋನಮಾಪಕವನ್ನು ನೇರ ಮೇಲಿನಿಂದ ನೋಡಬೇಕು, ಓರೆಯಾಗಿ ನೋಡಿದರೆ ಅಳತೆ ತಪ್ಪುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದವರು ಅವರು. ವಾಲಿದ ಕತ್ತನ್ನು ಮೆಲ್ಲಗೆ ನೆಟ್ಟಗೆ ಮಾಡಿಕೊಂಡರು.

‘ಆ ಪುಸ್ತಕ ಇಟ್ಟಿದ್ದೀಯಾ ಪುಟ್ಟಿ?’ ಎಂದರು. ‘ಮನೆಗೆ ಹೋದ ತಕ್ಷಣ ತಗೊಂಡು ಬಾ. ಇನ್ನೊಂದು ಸಲ ಅಳೆದು ನೋಡೋಣ.’